ರಾಜ್ಯಶಾಸ್ತ್ರದ ಜೊತೆಗೆ ಚೀನೀ ಭಾಷೆ: ನಾನು ಓದಿದ ಕ್ರಮ

ಅಮೆರಿಕ ತನ್ನ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಚೀನೀ ಭಾಷೆಗೆ ಇಟ್ಟಿರುವ ಅವಧಿ 88 ವಾರ, ಅಂದರೆ 2200 ತರಗತಿ ಗಂಟೆ. ದಿನಕ್ಕೆ 2 ಗಂಟೆಯಂತೆ, ಹಬ್ಬ ಹರಿದಿನ ಬಿಡದೆ ಓದಿದರೂ 3 ವರ್ಷ ಬೇಕು. ರಾಜ್ಯಶಾಸ್ತ್ರ–ಅಂತರರಾಷ್ಟ್ರೀಯ ಸಂಬಂಧಗಳ ಎಂ.ಎ. ಇರುವುದೇ 2 ವರ್ಷ, ಅದರಲ್ಲೇ ಸೆಮಿನಾರ್, ಪ್ರಬಂಧ, ಪರೀಕ್ಷೆ. ಎರಡನ್ನೂ ಬೇರೆ ಬೇರೆಯಾಗಿ ಓದುತ್ತ ಹೋದರೆ ಎರಡನೇ ಸೆಮಿಸ್ಟರ್ ಹೊತ್ತಿಗೆ ಚೀನೀ ಹಿಂದೆ ಬೀಳುತ್ತದೆ. ಹಾಗಾಗಿ ನಾನು ಎರಡನ್ನೂ ಬೆರೆಸಿಯೇ ಓದಿದೆ. ಭಾಷಾಭ್ಯಾಸಕ್ಕೆ ತೆಗೆದುಕೊಂಡ ಪಠ್ಯವೇ ರಾಜ್ಯಶಾಸ್ತ್ರದ ಆಕರವೂ ಆಗುವಂತೆ ನೋಡಿಕೊಂಡೆ.

ಭಾರತದಲ್ಲಿ ಇದಕ್ಕೆ ಇರುವ ಜಾಗಗಳು ಕೆಲವೇ. ದೆಹಲಿಯ ಜೆಎನ್‌ಯುನಲ್ಲಿ ಚೀನೀ ಭಾಷೆಯ ಬಿ.ಎ. ಆನರ್ಸ್ ಇದೆ, ಅದೇ ಆವರಣದ ಸ್ಕೂಲ್ ಆಫ್ ಇಂಟರ್‌ನ್ಯಾಷನಲ್ ಸ್ಟಡೀಸ್‌ನಲ್ಲಿ ಪೂರ್ವ ಏಷ್ಯಾ ಅಧ್ಯಯನ ಕೇಂದ್ರವಿದೆ. ದೆಹಲಿ ವಿಶ್ವವಿದ್ಯಾಲಯದಲ್ಲಿ ಪೂರ್ವ ಏಷ್ಯಾ ಅಧ್ಯಯನ ವಿಭಾಗವಿದೆ. ಶಾಂತಿನಿಕೇತನದ ಚೀನಾ ಭವನ 1937ರಿಂದ ನಡೆಯುತ್ತಿದೆ. ಶಾಲೆಯಲ್ಲೇ ಚೀನೀ ಕಲಿತು ಬರುವ ದಾರಿ ಇಲ್ಲವೆನ್ನುವಷ್ಟು ಕಡಿಮೆ. ರಾಷ್ಟ್ರೀಯ ಶಿಕ್ಷಣ ನೀತಿಯ 2019ರ ಕರಡಿನಲ್ಲಿ ಉದಾಹರಣೆಯಾಗಿ ಕೊಟ್ಟ ವಿದೇಶಿ ಭಾಷೆಗಳ ಸಾಲಿನಲ್ಲಿ ಚೀನೀ ಇತ್ತು, 2020ರ ಅಂತಿಮ ಪ್ರತಿಯಲ್ಲಿ ಇಲ್ಲ. ಆದ್ದರಿಂದ ಬಹುತೇಕರದು ವಿಶ್ವವಿದ್ಯಾಲಯದಲ್ಲಿ ಸೊನ್ನೆಯಿಂದಲೇ ಆರಂಭ. ಎಂ.ಎ.ಗೆ ಮೊದಲು ಒಂದು ವರ್ಷ ಭಾಷೆಗೆಂದೇ ಕೊಡಲು ಸಾಧ್ಯವಿದ್ದರೆ ಕೊಡಿ. ಆಗದಿದ್ದರೆ ಮೊದಲ ಸೆಮಿಸ್ಟರ್‌ನಲ್ಲೇ ಶುರುಮಾಡಿ. ಮೂರನೆಯದಕ್ಕೆ ಮುಂದೂಡಿದರೆ ಪ್ರಬಂಧಕ್ಕೆ ಆ ಭಾಷೆ ಉಪಯೋಗಕ್ಕೆ ಬರುವುದಿಲ್ಲ.

ಮೊದಲ 6 ವಾರ ಧ್ವನಿಗೇ ಮೀಸಲು. ಇಲ್ಲಿ ಕನ್ನಡಿಗರಿಗೆ ಹುಟ್ಟಿನಿಂದ ಬಂದ ಬಂಡವಾಳವೊಂದಿದೆ, ಇಂಗ್ಲಿಷ್ ಮೂಲಕ ಕಲಿಯಹೊರಟರೆ ಅದು ಕೈತಪ್ಪುತ್ತದೆ. ಚೀನಾ 1958ರಲ್ಲಿ ಜಾರಿಗೆ ತಂದ ಪಿನ್‌ಯಿನ್ ರೋಮನ್ ಬರವಣಿಗೆಯಲ್ಲಿ ‘ಬಿ’ ಅಕ್ಷರ ಕಂಡರೆ ಅದು ನಮ್ಮ ಬ ಅಲ್ಲ, ಪ. ‘ಪಿ’ ಕಂಡರೆ ಫಲ, ಫಣಿ ಪದಗಳ ಫ. ಹಾಗೆಯೇ ‘ಡಿ’ ಅಂದರೆ ತ, ‘ಟಿ’ ಅಂದರೆ ಥ, ‘ಜಿ’ ಅಂದರೆ ಕ, ‘ಕೆ’ ಅಂದರೆ ಖ, ‘ಜೆ’ ಅಂದರೆ ಚ, ‘ಕ್ಯೂ’ ಅಂದರೆ ಛ. ಈ ವ್ಯಂಜನಗಳಲ್ಲಿ ಚೀನೀಯರು ಎಣಿಸುವುದು ಅಲ್ಪಪ್ರಾಣ–ಮಹಾಪ್ರಾಣಗಳ ಅಂತರವನ್ನು. ನಾವು ಬೀಜಿಂಗ್ ಎಂದು ಬರೆಯುವ ಊರು ಅವರ ಬಾಯಲ್ಲಿ ಪೇಚಿಂಗ್‌ಗೆ ಹತ್ತಿರ. ಇಂಗ್ಲಿಷ್ ಮಾತೃಭಾಷೆಯವರು ತಿಂಗಳುಗಟ್ಟಲೆ ಒದ್ದಾಡುವ ಈ ಭೇದ ನಮ್ಮ ವರ್ಣಮಾಲೆಯಲ್ಲೇ ಕೂತಿದೆ.

ಆದರೆ ವರ್ಣಮಾಲೆಯಲ್ಲಿದ್ದದ್ದು ನಾಲಿಗೆಯ ಮೇಲೂ ಇರಬೇಕಲ್ಲ. ಭಾರತವನ್ನು ಬಾರತ ಅನ್ನುವ ನಮ್ಮ ರೂಢಿ ಇಲ್ಲಿ ಕಾಲು ಹಿಡಿದೆಳೆಯುತ್ತದೆ. ಪರೀಕ್ಷಿಸುವ ದಾರಿ ಸುಲಭ: ತೆಳ್ಳನೆಯ ಕಾಗದದ ಪಟ್ಟಿಯೊಂದನ್ನು ತುಟಿಯಿಂದ ನಾಲ್ಕು ಬೆರಳು ದೂರ ಹಿಡಿಯಿರಿ. ಪ ಅಂದಾಗ ಅದು ಅಲ್ಲಾಡಬಾರದು, ಫ ಅಂದಾಗ ಹಾರಬೇಕು. ಇನ್ನೊಂದು ತೊಡಕು, ಇವತ್ತಿನ ಕನ್ನಡದಲ್ಲಿ ಫ ಅಂದರೆ ಫೋನಿನ ಸದ್ದು ಎಂದಾಗಿಬಿಟ್ಟಿದೆ. ಚೀನೀಯಲ್ಲಿ ಎರಡೂ ಬೇರೆ ಬೇರೆ. ಹಾಗಾಗಿ ನನ್ನ ಟಿಪ್ಪಣಿಗಳಲ್ಲಿ ಫೋನಿನ ಸದ್ದಿಗೆ ಚುಕ್ಕಿಯಿಟ್ಟ ಫ಼ ಬಳಸುತ್ತೇನೆ, ಇಲ್ಲೂ ಹಾಗೇ ಬರೆದಿದ್ದೇನೆ. ಶ ಮತ್ತು ಷ ಕೂಡ ಅಲ್ಲಿ ಅರ್ಥ ಬದಲಿಸುತ್ತವೆ. ಷ ಅನ್ನುವಾಗ ನಾಲಿಗೆಯ ತುದಿ ಮೇಲೆ ಮಡಚಬೇಕು, ಶ ಅನ್ನುವಾಗ ತುದಿ ಕೆಳಹಲ್ಲಿನ ಹಿಂದೆ ಒತ್ತಿಕೊಂಡಿರಬೇಕು.

ಸ್ವರಭಾರಗಳು, ಅಂದರೆ ಪದದ ಅರ್ಥವನ್ನೇ ಬದಲಿಸುವ ದನಿಯ ಏರಿಳಿತಗಳು ನಾಲ್ಕು, ಜೊತೆಗೆ ಭಾರವಿಲ್ಲದ ಹಗುರ ಉಚ್ಚಾರಣೆ ಒಂದು. ಒಂಟಿ ಅಕ್ಷರ ಹಿಡಿದು ‘ಮಾ, ಮಾ, ಮಾ, ಮಾ’ ಎಂದು ಉರುಹೊಡೆದರೆ ಮಾತಿನಲ್ಲಿ ಅದು ನಿಲ್ಲುವುದಿಲ್ಲ, ಏಕೆಂದರೆ ಇಂದಿನ ಚೀನೀಯ ಹೆಚ್ಚಿನ ಪದಗಳು ಎರಡಕ್ಷರದವು. ಮೊದಲ ಅಕ್ಷರಕ್ಕೆ ನಾಲ್ಕು ಭಾರ, ಎರಡನೆಯದಕ್ಕೆ ಹಗುರವೂ ಸೇರಿ ಐದು, ಒಟ್ಟು 20 ಜೋಡಿ. ಪ್ರತಿ ಜೋಡಿಗೂ ರಾಜ್ಯಶಾಸ್ತ್ರದ ಒಂದೊಂದು ಪದ ಆರಿಸಿಕೊಂಡು ದಿನಕ್ಕೆ 20 ನಿಮಿಷ ಧ್ವನಿಮುದ್ರಣದ ಜೊತೆಜೊತೆಗೇ ಹೇಳುವುದು ನಾನು ಕಂಡುಕೊಂಡ ದಾರಿ. ತಪ್ಪಿದರೆ ಏನಾಗುತ್ತದೆ ನೋಡಿ: ಥುಂಗ್‌ಯೀ ಎರಡು–ನಾಲ್ಕನೇ ಭಾರದಲ್ಲಿ ‘ಒಪ್ಪಿಗೆ’, ಮೂರು–ಒಂದರಲ್ಲಿ ‘ಏಕೀಕರಣ’. ತೈವಾನ್ ಬಗ್ಗೆ ಮಾತಾಡುವಾಗ ಇವೆರಡು ಅದಲುಬದಲಾದರೆ ಇಡೀ ವಾಕ್ಯವೇ ಮಗುಚುತ್ತದೆ. ಚಂಗ್‌ಚಿ ನಾಲ್ಕು–ನಾಲ್ಕರಲ್ಲಿ ‘ರಾಜಕೀಯ’, ಒಂದು–ಎರಡರಲ್ಲಿ ‘ಜಗಳ’. ಮೂರನೇ ಭಾರ ಎರಡು ಒಟ್ಟಿಗೆ ಬಂದರೆ ಮೊದಲಿನದು ಎರಡನೇ ಭಾರವಾಗಿ ಬದಲಾಗುತ್ತದೆ, ‘ನಾಯಕ’ ಎಂಬರ್ಥದ ಲಿಂಗ್‌ತಾವ್ ಇದಕ್ಕೆ ಉದಾಹರಣೆ. ಪುಸ್ತಕದಲ್ಲಿ ಮೂರು–ಮೂರು ಎಂದೇ ಅಚ್ಚಾಗಿರುತ್ತದೆ, ಕಿವಿಗೆ ಕೇಳುವುದು ಎರಡು–ಮೂರು.

ಲಿಪಿಗೆ ಬಂದರೆ, ಮೊದಲ 400–500 ಅಕ್ಷರಗಳನ್ನು ಕೈಯಲ್ಲೇ ಬರೆಯಿರಿ. ಗೀಟುಗಳ ಅನುಕ್ರಮ ಕೈಗೆ ಹತ್ತಿದ ಮೇಲೆ ಉಳಿದವನ್ನು ಗುರುತಿಸುವುದು, ಪಿನ್‌ಯಿನ್ ಕೀಲಿಮಣೆಯಲ್ಲಿ ಟೈಪಿಸುವುದು ಸಾಕು. ಹೆಚ್ಚಿನ ಅಕ್ಷರಗಳಲ್ಲಿ ಒಂದು ತುಂಡು ಅರ್ಥದ ಸುಳಿವು ಕೊಡುತ್ತದೆ, ಇನ್ನೊಂದು ಉಚ್ಚಾರದ ಸುಳಿವು. ನಮ್ಮ ವಿಷಯದವರು ಮೊದಲು ಹಿಡಿಯಬೇಕಾದದ್ದು ‘ಮಾತು’ ಎಂಬ ತುಂಡನ್ನು. ಎಡಬದಿಯಲ್ಲಿ ಮೇಲೊಂದು ಚುಕ್ಕಿ, ಕೆಳಗೆ ಕೊಕ್ಕೆಯಂತೆ ತಿರುಗುವ ಒಂದು ಗೀಟು, ಅಷ್ಟೇ. ಮಾತುಕತೆ, ಭೇಟಿ, ಖಂಡನೆ, ಚರ್ಚೆ, ಅನುವಾದ ಈ ಪದಗಳ ಅಕ್ಷರಗಳಲ್ಲೆಲ್ಲ ಅದು ಕೂತಿರುತ್ತದೆ. ರಾಜತಾಂತ್ರಿಕ ಸುದ್ದಿಯ ಪುಟದಲ್ಲಿ ಆ ತುಂಡಿಗೆಲ್ಲ ಪೆನ್ಸಿಲಿನಿಂದ ಸುತ್ತು ಹಾಕಿದರೆ ಸಾಕು, ಯಾರು ಯಾರೊಡನೆ ಏನು ಮಾಡಿದರು ಎಂಬುದರ ಅಸ್ಥಿಪಂಜರ ಕಾಣುತ್ತದೆ.

ಪದ ನೆನಪಿಡಲು ಆಂಕಿ ಆ್ಯಪಿನ ಕಾರ್ಡು, ನಿಘಂಟಿಗೆ ಪ್ಲೆಕೋ ಆ್ಯಪ್. ದಿನಕ್ಕೆ 15 ಹೊಸ ಕಾರ್ಡಿಗಿಂತ ಹೆಚ್ಚು ಬೇಡ. ಹೊಸದು 15 ಇದ್ದರೆ ಪುನರಾವರ್ತನೆ ಕೆಲವೇ ವಾರಗಳಲ್ಲಿ ದಿನಕ್ಕೆ 120–150ಕ್ಕೆ ಬಂದು ನಿಲ್ಲುತ್ತದೆ, ಅದಕ್ಕೇ 40 ನಿಮಿಷ. ಉತ್ಸಾಹದಲ್ಲಿ 40 ಸೇರಿಸಿದವರ ರಾಶಿ ಪರೀಕ್ಷೆಯ ಹೊತ್ತಿಗೆ ಸಾವಿರ ದಾಟಿರುತ್ತದೆ, ಆಮೇಲೆ ಆ್ಯಪನ್ನು ತೆರೆಯುವುದಕ್ಕೇ ಭಯ. ಸೆಮಿಸ್ಟರ್ ಪರೀಕ್ಷೆಯ ವಾರಗಳಲ್ಲಿ ಹೊಸದನ್ನು ಸೊನ್ನೆಗಿಳಿಸಿ, ಪುನರಾವರ್ತನೆಯನ್ನು ಮಾತ್ರ ಒಂದು ದಿನವೂ ಬಿಡಬೇಡಿ. ಕಾರ್ಡಿನಲ್ಲಿ ಒಂಟಿ ಪದ ಬೇಡ, ಅದು ಸಿಕ್ಕಿದ ನುಡಿಗಟ್ಟೇ ಇರಲಿ. ಹಿಂಬದಿಯ ಅರ್ಥ ಕನ್ನಡದಲ್ಲಿರಲಿ.

ಕನ್ನಡದಲ್ಲೇ ಏಕೆಂದರೆ, ಅಧಿಕೃತ ಚೀನೀ ಗದ್ಯದ ವಾಕ್ಯ ಎಷ್ಟೋ ಕಡೆ ಇಂಗ್ಲಿಷಿಗಿಂತ ಕನ್ನಡಕ್ಕೆ ಸಲೀಸಾಗಿ ಇಳಿಯುತ್ತದೆ. ‘ತ್ಸುವೊಥಿಯೆನ್ ಲಾಯ್ ತಲಿ ತ ವಾಯ್‌ಚಾಂಗ್’ ಎಂಬುದನ್ನು ಬಿಡಿಸಿದರೆ ‘ನಿನ್ನೆ–ಬರು–ದೆಹಲಿ–ಇದರ–ವಿದೇಶಾಂಗ ಸಚಿವ’. ಕನ್ನಡದಲ್ಲಿ ‘ನಿನ್ನೆ ದೆಹಲಿಗೆ ಬಂದ ವಿದೇಶಾಂಗ ಸಚಿವ’. ವಿಶೇಷಣವೆಲ್ಲ ನಾಮಪದದ ಮುಂದೆಯೇ, ನಮ್ಮಲ್ಲಿದ್ದಂತೆ. ಇಂಗ್ಲಿಷಿಗೆ ಹೋದರೆ ಇದನ್ನು ತಲೆಕೆಳಗು ಮಾಡಬೇಕು. ಇನ್ನೊಂದು: ‘ಷುವಾಂಗ್‌ಫ಼ಾಂಗ್ ಚಿಯು ಪಿಯೆನ್‌ಚಿಯೆ ವನ್‌ಥಿ ಚಿನ್‌ಶಿಂಗ್‌ಲ ಥಾನ್‌ಪಾನ್’, ಅಂದರೆ ‘ಉಭಯ ಪಕ್ಷಗಳು ಗಡಿ ಪ್ರಶ್ನೆಯ ಕುರಿತು ಮಾತುಕತೆ ನಡೆಸಿದವು’. ಇಲ್ಲಿನ ಚಿನ್‌ಶಿಂಗ್ ನಮ್ಮ ಪತ್ರಿಕೆಗಳ ‘ನಡೆಸು’ ಇದ್ದ ಹಾಗೆ: ಮಾತುಕತೆ ನಡೆಸು, ಪರಿಶೀಲನೆ ನಡೆಸು. ಕ್ರಿಯಾಪದ ಕೊನೆಗೆ ಬರುವುದಿಲ್ಲ ಎಂಬುದೊಂದೇ ಇಲ್ಲಿ ಎಚ್ಚರವಿಡಬೇಕಾದ ಜಾಗ.

ನಾಲ್ಕನೇ ತಿಂಗಳಿಂದ ನಿಜವಾದ ಓದು. ಪಠ್ಯಪುಸ್ತಕ ಮುಗಿಯಲಿ ಎಂದು ಕಾಯಬೇಡಿ. ಚೀನೀ ಭಾಷಾ ಸಾಮರ್ಥ್ಯ ಅಳೆಯುವ ಎಚ್‌ಎಸ್‌ಕೆ ಪರೀಕ್ಷೆಯ ಹಳೆಯ ಕ್ರಮದಲ್ಲಿ ನಾಲ್ಕನೇ ಹಂತಕ್ಕೆ 1200 ಪದ, ಐದಕ್ಕೆ 2500. ನಾಲ್ಕನ್ನು ಪಾಸು ಮಾಡಿದವರಿಗೂ ‘ಸಾರ್ವಭೌಮತ್ವ’ದ ಪದ ಸಿಕ್ಕಿರುವುದಿಲ್ಲ, ಏಕೆಂದರೆ ಅದು ಬಾಡಿಗೆ ಮನೆ, ಆಸ್ಪತ್ರೆ, ಪ್ರವಾಸಗಳ ಭಾಷೆ. ನಮಗೆ ಹೊಂದುವುದು ಚೀನಾ ವಿದೇಶಾಂಗ ಸಚಿವಾಲಯದ ವಾರದ ದಿನಗಳ ಪತ್ರಿಕಾಗೋಷ್ಠಿ. ಪ್ರಶ್ನೆ ಚಿಕ್ಕದು, ಉತ್ತರ ಚಿಕ್ಕದು, ಚೀನೀ ಮತ್ತು ಇಂಗ್ಲಿಷ್ ಪ್ರತಿ ಎರಡೂ ಸಿಗುತ್ತವೆ. ದಿನಕ್ಕೆ ಒಂದು ಉತ್ತರ, 300–400 ಅಕ್ಷರ. ಮೊದಲು ಚೀನೀ ಪ್ರತಿ ಮಾತ್ರ. ಪದೇಪದೇ ಬರುವ ನುಡಿಗಟ್ಟಿಗೆ ಗೆರೆ, ಮನಸ್ಸಿನಲ್ಲೇ ಕನ್ನಡ, ಆಮೇಲೆ ಇಂಗ್ಲಿಷ್ ತೆರೆದು ಹೋಲಿಕೆ. ಇಂಗ್ಲಿಷನ್ನು ಮೊದಲೇ ಓದಿಬಿಟ್ಟರೆ ಕಣ್ಣು ಚೀನೀಯ ಮೇಲೆ ಜಾರಿಹೋಗುತ್ತದೆ, ಏನೂ ಉಳಿಯುವುದಿಲ್ಲ. ಕಿವಿಗೆ ಚೀನಾ ಕೇಂದ್ರ ದೂರದರ್ಶನದ ಸಂಜೆ ವಾರ್ತೆ. ಬೀಜಿಂಗ್‌ನ ಸಂಜೆ 7 ಅಂದರೆ ನಮ್ಮ 4.30. ಅರ್ಧ ಗಂಟೆಯ ವಾರ್ತೆಯಲ್ಲಿ ಮೊದಲ 5 ನಿಮಿಷ ಸಾಕು.

ಇಲ್ಲಿಂದ ಮುಂದೆ ಭಾಷೆ ಮತ್ತು ರಾಜಕೀಯವನ್ನು ಬೇರ್ಪಡಿಸಲು ಬರುವುದಿಲ್ಲ. ಚೀನೀ ಅಧಿಕಾರಸ್ಥರು ಪದವನ್ನು ತೂಗಿ ಇಡುತ್ತಾರೆ, ನಿಗದಿಯಾದ ಈ ನುಡಿಗಟ್ಟುಗಳಿಗೆ ಥಿಫ಼ಾ ಎಂದೇ ಹೆಸರು. ಕುವಾನ್‌ಚು ಅಂದರೆ ‘ಗಮನಿಸಿದ್ದೇವೆ’, ಯೀಹಾನ್ ‘ವಿಷಾದ’, ಛಿಯಾಂಗ್‌ಲಿಯೆ ಪೂಮಾನ್ ‘ತೀವ್ರ ಅಸಮಾಧಾನ’, ಯೆನ್‌ಚಂಗ್ ಚಿಯಾವ್‌ಷ ಬಂದರೆ ರಾಜತಾಂತ್ರಿಕ ಮಾರ್ಗದಲ್ಲಿ ಪ್ರತಿಭಟನೆ ದಾಖಲಾಗಿದೆ ಎಂದು ಅರ್ಥ. ಅಪರೂಪಕ್ಕೆ ಹಳೆಗಾಲದ ಭಾಷೆಯ ‘ವೂ ವೇ ಯೆನ್ ಚಿ ಪೂ ಯೂ’ ಬರುತ್ತದೆ, ‘ಮುಂಚೆಯೇ ಹೇಳಲಿಲ್ಲ ಅನ್ನಬೇಡಿ’ ಎಂದು. ಚೀನಾ ಕಮ್ಯುನಿಸ್ಟ್ ಪಕ್ಷದ ಪತ್ರಿಕೆ ಪೀಪಲ್ಸ್ ಡೈಲಿ 1978ರ ಡಿಸೆಂಬರ್ 25ರ ಸಂಪಾದಕೀಯದಲ್ಲಿ ವಿಯೆಟ್ನಾಂಗೆ ಈ ಮಾತು ಹೇಳಿತು, 1979ರ ಫೆಬ್ರುವರಿ 17ರಂದು ಯುದ್ಧ ಶುರುವಾಯಿತು.

ಈ ಓದಿಗೆ ನಾನಿಟ್ಟುಕೊಂಡದ್ದು ನಾಲ್ಕು ಕಂಬಸಾಲಿನ ಒಂದು ನೋಟ್‌ಬುಕ್. ಚೀನೀ ನುಡಿಗಟ್ಟು, ಅದು ಬಂದ ದಿನಾಂಕ ಮತ್ತು ಜಾಗ, ಅಧಿಕೃತ ಇಂಗ್ಲಿಷ್, ನನ್ನ ಕನ್ನಡ. ಒಂದು ನಮೂದನ್ನು ಪೂರ್ತಿ ಬಿಡಿಸುತ್ತೇನೆ. ಚೀನಾ ಒಂದೇ, ತೈವಾನ್ ಅದರ ಭಾಗ ಎಂಬ ಚೀನೀ ನಿಲುವಿನ ಬಗ್ಗೆ ಅಮೆರಿಕ–ಚೀನಾಗಳ 1972ರ ಶಾಂಘೈ ಹೇಳಿಕೆಯಲ್ಲೂ 1979ರ ಜಂಟಿ ಹೇಳಿಕೆಯಲ್ಲೂ ಅಮೆರಿಕದ ಇಂಗ್ಲಿಷ್ ಕ್ರಿಯಾಪದ ಒಂದೇ: ಅಕ್ನಾಲೆಜಸ್. ಚೀನೀ ಪ್ರತಿಯಲ್ಲಿ ಹಾಗಲ್ಲ. 1972ರಲ್ಲಿ ರನ್‌ಷಿ ತಾವ್, ನನ್ನ ಕನ್ನಡದಲ್ಲಿ ‘ಮನಗಂಡಿದೆ’. 1979ರಲ್ಲಿ ಛಂಗ್‌ರನ್, ‘ಮಾನ್ಯ ಮಾಡಿದೆ’. ಎರಡರಲ್ಲೂ ರನ್ ಎಂಬ ಅದೇ ಅಕ್ಷರ, ‘ಮಾತು’ ತುಂಡಿನದೇ, ಆದರೆ ಅರ್ಥದಲ್ಲಿ ಅರಿವಿನಿಂದ ಒಪ್ಪಿಗೆಯವರೆಗಿನ ದೂರ. ಅಮೆರಿಕ ಇಂಗ್ಲಿಷ್ ಪಠ್ಯವನ್ನೇ ತನ್ನ ನಿಲುವಾಗಿ ಹಿಡಿದಿದೆ. ಇಂಗ್ಲಿಷ್ ಪ್ರತಿಗಳನ್ನಷ್ಟೇ ಓದಿದ ವಿದ್ಯಾರ್ಥಿಗೆ ಇಲ್ಲೊಂದು ವಿವಾದವಿದೆ ಎಂಬ ಸುಳಿವೂ ಸಿಗುವುದಿಲ್ಲ. ‘ಒಂದೇ ಚೀನಾ’ದ ಮುಂದೆ ಬೀಜಿಂಗ್ ಸೇರಿಸುವುದು ಯುವೆನ್‌ತ್ಸ, ‘ತತ್ವ’. ಅಮೆರಿಕದ್ದು ಚಂಗ್‌ಥ್ಸ, ‘ನೀತಿ’. ನಿಮ್ಮ ಪ್ರಬಂಧದಲ್ಲಿ ಇವು ಅದಲುಬದಲಾದರೆ ಯಾರದೋ ನಿಲುವನ್ನು ಇನ್ಯಾರದೋ ಬಾಯಲ್ಲಿ ಹಾಕಿದಂತಾಗುತ್ತದೆ.

ಭಾರತ–ಚೀನಾ ವಿಷಯದಲ್ಲೂ ಇಂಥದ್ದೇ ಜೋಡಿ ಇದೆ. ಪಿಯೆನ್‌ಚಿಯೆ ಅಂದರೆ ಗಡಿರೇಖೆ, ಪಿಯೆನ್‌ಚಿಂಗ್ ಅಂದರೆ ಗಡಿಪ್ರದೇಶ. ವಾಸ್ತವ ನಿಯಂತ್ರಣ ರೇಖೆಯಲ್ಲಿ ಶಾಂತಿ ಕಾಪಾಡುವ 1993ರ ಒಪ್ಪಂದದ ಚೀನೀ ಶೀರ್ಷಿಕೆಯಲ್ಲಿ ಇರುವುದು ಪಿಯೆನ್‌ಚಿಂಗ್. 2003ರಲ್ಲಿ ನೇಮಕ ಶುರುವಾದ ವಿಶೇಷ ಪ್ರತಿನಿಧಿಗಳ ಮಾತುಕತೆ ಪಿಯೆನ್‌ಚಿಯೆ ಕುರಿತದ್ದು. ನಾವು ಎರಡಕ್ಕೂ ‘ಗಡಿ’ ಎಂದುಬಿಡುತ್ತೇವೆ, ಹಾಗಾಗಿ ಶಾಂತಿ ಕಾಯುವ ಏರ್ಪಾಡು ಯಾವುದು, ವಿವಾದ ಇತ್ಯರ್ಥದ ಮಾತು ಯಾವುದು ಎಂಬುದು ಕಲಸಿಹೋಗುತ್ತದೆ. ಅರುಣಾಚಲಕ್ಕೆ ಚೀನಾ ಬಳಸುವ ತ್ಸಾಂಗ್‌ನಾನ್‌ನಂಥ ಹೆಸರನ್ನು ಯಾವಾಗಲೂ ಉದ್ಧರಣೆಯೊಳಗೇ ಇಡಿ, ನಿಮ್ಮ ವಾಕ್ಯದಲ್ಲಿ ಬಳಸಿದರೆ ಅದು ನಿಮ್ಮ ನಿಲುವಾಗುತ್ತದೆ.

ಹೆಸರುಗಳೇ ಒಂದು ಕಾಟ. ಚೀನೀ ಬರಹದಲ್ಲಿ ಪದಗಳ ನಡುವೆ ಖಾಲಿ ಜಾಗವಿಲ್ಲ, ದೊಡ್ಡಕ್ಷರವಿಲ್ಲ. ಅರ್ಥವೇ ಆಗದ ನಾಲ್ಕೈದು ಅಕ್ಷರಗಳು ಸಾಲಾಗಿ ಬಂದರೆ ಗಟ್ಟಿಯಾಗಿ ಓದಿ, ಬಹುಪಾಲು ಅದು ಹೆಸರು. ಪಾನ್‌ಚಿಯಾಲುವೊಅರ್ ನಮ್ಮ ಬೆಂಗಳೂರು. ಆದರೆ ಸೂ ಚಿಯೆಷಂಗ್ ಅಂದರೆ ವಿದೇಶಾಂಗ ಸಚಿವ ಜೈಶಂಕರ್, ಅದು ಕಿವಿಗೆ ಹೊಳೆಯುವುದಿಲ್ಲ, ಪಟ್ಟಿ ಮಾಡಿಟ್ಟುಕೊಂಡೇ ಕಲಿಯಬೇಕು. ವ್ಯಕ್ತಿಗಳಲ್ಲಿ ಮನೆತನದ ಹೆಸರು ಮೊದಲು. ಚೀನೀ ರಾಜತಾಂತ್ರಿಕ ವಾಂಗ್ ಯಿ ಅವರನ್ನು ‘ಯಿ’ ಎಂದು ಉಲ್ಲೇಖಿಸುವುದು ಪ್ರಬಂಧಗಳಲ್ಲಿ ಪದೇಪದೇ ಕಾಣುವ ತಪ್ಪು.

1950–60ರ ದಶಕದ ಭಾರತ ಸರ್ಕಾರದ ಶ್ವೇತಪತ್ರಗಳಿಗೆ ಹೋದರೆ ಪಿನ್‌ಯಿನ್ ಇರುವುದಿಲ್ಲ, ವೇಡ್–ಜೈಲ್ಸ್ ಎಂಬ ಹಳೆಯ ರೋಮನ್ ಬರವಣಿಗೆ ಕ್ರಮದ ಹೆಸರುಗಳು ಎದುರಾಗುತ್ತವೆ. ಅದರಲ್ಲಿ ವ್ಯಂಜನದ ಪಕ್ಕದ ಮೇಲ್ಚುಕ್ಕಿ ಮಹಾಪ್ರಾಣದ ಗುರುತು. ಚುಕ್ಕಿಯಿದ್ದ ‘ಟಿ’ ಥ, ಇಲ್ಲದ್ದು ತ. ಎಷ್ಟೋ ಮುದ್ರಣಗಳಲ್ಲಿ ಈ ಚುಕ್ಕಿ ಬಿದ್ದುಹೋಗಿರುತ್ತದೆ. ಆಗ ಸಂದರ್ಭ ನೋಡಿ ಚೀನೀ ಅಕ್ಷರ ಹುಡುಕದೆ ಹೆಸರನ್ನು ಗುರುತಿಸಬೇಡಿ.

ಸಿದ್ಧಾಂತದ ಪತ್ರಿಕೆಗೂ ಇದು ನೇರವಾಗಿ ಒದಗುತ್ತದೆ. ಇಂಗ್ಲಿಷ್ ಪಾಠದಲ್ಲಿ ಹೆಜಿಮನಿ (ಒಂದು ದೇಶದ ಮೇಲುಗೈ) ಎಂಬುದು ಒಂದು ವ್ಯವಸ್ಥೆಯನ್ನು ವಿವರಿಸುವ ಪದ. ಅದರ ಚೀನೀ ರೂಪ ಪಾಛುವೆನ್‌ನಲ್ಲಿ ಬಲಾತ್ಕಾರದ ಆಳ್ವಿಕೆಯೆಂಬ ಖಂಡನೆ ಹಿಂದಿನಿಂದಲೂ ಸೇರಿಕೊಂಡಿದೆ. ಚೀನೀ ಚಿಂತಕರಾದ ಯೆನ್ ಶುಯೆಥುಂಗ್, ಛಿನ್ ಯಾಛಿಂಗ್, ಚಾವ್ ಥಿಂಗ್‌ಯಾಂಗ್ ಅವರ ವಾದಗಳನ್ನು ಈ ಎಚ್ಚರವಿಲ್ಲದೆ ಓದಿದರೆ ಅರ್ಧ ಮಾತ್ರ ದಕ್ಕುತ್ತದೆ. ಅವರ ಲೇಖನವನ್ನು ಇಡಿಯಾಗಿ ಓದಲು ಮೂರನೇ ಸೆಮಿಸ್ಟರ್‌ವರೆಗೆ ಆಗಲಿಕ್ಕಿಲ್ಲ. ಆದರೆ ಲೇಖನದ ಮೊದಲಿಗೆ ಬರುವ ಸಾರಾಂಶ ಕೆಲವೇ ನೂರು ಅಕ್ಷರ, ಹಲವು ಪತ್ರಿಕೆಗಳಲ್ಲಿ ಅದರ ಇಂಗ್ಲಿಷ್ ರೂಪವೂ ಇರುತ್ತದೆ. ವಾರಕ್ಕೆ ಮೂರು ಸಾರಾಂಶ ಓದಿದರೆ ಒಂದು ಸೆಮಿಸ್ಟರ್‌ನಲ್ಲಿ ಆ ಗದ್ಯದ ಎರಕ ಪರಿಚಯವಾಗುತ್ತದೆ.

ಓದಿದ್ದನ್ನೆಲ್ಲ ಅದೇ ದಿನ ಉಳಿಸಿಕೊಳ್ಳಿ. ಚೀನೀ ಸರ್ಕಾರಿ ಪುಟಗಳು ಹಾಗೇ ಇರುತ್ತವೆಂದು ನಂಬುವಂತಿಲ್ಲ. 2023ರ ಜುಲೈನಲ್ಲಿ ವಿದೇಶಾಂಗ ಸಚಿವ ಛಿನ್ ಕಾಂಗ್ ಅವರನ್ನು ಸ್ಥಾನದಿಂದ ತೆಗೆದಾಗ ಸಚಿವಾಲಯದ ಜಾಲತಾಣದಿಂದ ಅವರ ಕುರಿತ ಪುಟಗಳು ಮಾಯವಾದವು. ಅದೇ ವರ್ಷದ ಏಪ್ರಿಲ್‌ನಲ್ಲಿ ಚೀನಾದ ದೊಡ್ಡ ವಿದ್ವತ್ ಭಂಡಾರವಾದ ಸಿಎನ್‌ಕೆಐನ ಕೆಲವು ಸಂಗ್ರಹಗಳು ಹೊರದೇಶದವರಿಗೆ ಮುಚ್ಚಿದವು. ಪುಟವನ್ನು ಪಿಡಿಎಫ್ ಮಾಡಿ, ಕಡತದ ಹೆಸರಿನಲ್ಲಿ ಮೊದಲು ಪ್ರಕಟವಾದ ದಿನಾಂಕ, ಆಮೇಲೆ ನೀವು ಉಳಿಸಿದ ದಿನಾಂಕ, ಕೊನೆಗೆ ನೋಟ್‌ಬುಕ್ಕಿನ ನಮೂದಿನ ಸಂಖ್ಯೆ ಹಾಕಿ. ಚೀನೀ ಪ್ರತಿಯನ್ನೂ ಇಂಗ್ಲಿಷ್ ಪ್ರತಿಯನ್ನೂ ಒಂದೇ ಫೋಲ್ಡರಿನಲ್ಲಿಡಿ.