1095-ಸಿ ಕೆಲಸವನ್ನು ಫೆಬ್ರವರಿಯಿಂದಲೇ ಹಿಡಿದದ್ದು: ನನ್ನ ಅನುಭವ

ನಾನು ನ್ಯೂಜೆರ್ಸಿಯ ಗೋದಾಮು ಕಂಪನಿಯೊಂದರಲ್ಲಿ ಸಂಬಳ ಮತ್ತು ಆರೋಗ್ಯ ವಿಮೆಯ ಲೆಕ್ಕ ನೋಡಿಕೊಳ್ಳುತ್ತೇನೆ. ಯಾವ ನೌಕರರಿಗೆ ಯಾವ ತಿಂಗಳು ವಿಮೆ ನೀಡಿದ್ದೆವು ಎಂದು ಅಮೆರಿಕದ ತೆರಿಗೆ ಇಲಾಖೆಗೆ (ಐಆರ್‌ಎಸ್) ತಿಳಿಸುವ ಫಾರಂ 1095-ಸಿ. ಅದರ ಕೋಡುಗಳನ್ನು ವರ್ಷದ ಕೊನೆಗೆ ಬಿಡದೆ ತಿಂಗಳು ತಿಂಗಳೂ ಬರೆದಿಡುತ್ತೇನೆ ಎಂದಾಗ ನಮ್ಮ ಹಣಕಾಸು ವಿಭಾಗದ ಹಿರಿಯರು ನಕ್ಕುಬಿಟ್ಟಿದ್ದರು. ಮುಂದಿನ ಮಾರ್ಚ್‌ನಲ್ಲಿ ಕೊಡಬೇಕಾದ ಕಾಗದಕ್ಕೆ ಈ ಫೆಬ್ರವರಿಯಿಂದಲೇ ಕೂರುವುದು ಮದುವೆಗೆ ವರ್ಷ ಮೊದಲೇ ಚಪ್ಪರ ಹಾಕಿದಂತೆ ಅವರಿಗೆ ಕಂಡಿರಬೇಕು.

ನನ್ನನ್ನು ಈ ಹಾದಿಗೆ ಹಚ್ಚಿದ್ದು 2021ರಲ್ಲಿ ಐಆರ್‌ಎಸ್‌ನಿಂದ ಬಂದ 226-ಜೆ ಪತ್ರ, ಅಂದರೆ ವಿಮೆಯ ವಿಷಯದಲ್ಲಿ ಕಂಪನಿಗೆ ದಂಡ ಸೂಚಿಸುವ ಪತ್ರ. 2019ರ 1094-ಸಿಯ (ಎಲ್ಲ 1095-ಸಿಗಳ ಮೇಲೆ ಇಟ್ಟು ಕಳಿಸುವ ಫಾರಂ) ಮೂರನೇ ಭಾಗದಲ್ಲಿ, ವಿಮೆ ನೀಡಿದ್ದೇವೆಯೇ ಎಂದು ಕೇಳುವ ಕಡೆ 'ಹೌದು' ಎಂಬ ಗುರುತೇ ಬಿದ್ದಿರಲಿಲ್ಲ. ಫಾರಂ ತುಂಬಿದ್ದು ಹೊರಗಿನ ಸಂಸ್ಥೆಯಾದರೂ ಓದದೆ ಒಪ್ಪಿಗೆ ಕೊಟ್ಟವನು ನಾನೇ. ನಮ್ಮ ನೌಕರರಲ್ಲೊಬ್ಬರು ಮಾರ್ಕೆಟ್‌ಪ್ಲೇಸ್‌ನಲ್ಲಿ (ಸರ್ಕಾರದ ವಿಮಾ ಮಾರುಕಟ್ಟೆ) ಪ್ರೀಮಿಯಂ ತೆರಿಗೆ ರಿಯಾಯಿತಿ ಪಡೆದಿದ್ದರಿಂದ, ಸುಮಾರು 170 ಪೂರ್ಣಾವಧಿ ನೌಕರರಲ್ಲಿ ಮೊದಲ 30 ಜನರನ್ನು ಬಿಟ್ಟು ಉಳಿದವರಿಗೆ ತಲೆಗೆ 2,500 ಡಾಲರಿನಂತೆ ಮೂರೂವರೆ ಲಕ್ಷ ಡಾಲರ್ ಕಟ್ಟಬೇಕೆಂದು ಐಆರ್‌ಎಸ್ ಬರೆದಿತ್ತು. ಈಗ ಉತ್ತರಿಸಲು 90 ದಿನ ಸಿಗುತ್ತದೆ, ಆಗ ಸಿಗುತ್ತಿದ್ದದ್ದು 30 ದಿನ ಮಾತ್ರ. ಕೊನೆಗೆ 227-ಕೆ ಪತ್ರ ಬಂದು ಮೊತ್ತ ಸೊನ್ನೆಗೆ ಇಳಿಯಿತಾದರೂ, ವಕೀಲರಿಗೆ ಕೊಟ್ಟ ಆರು ಸಾವಿರ ಡಾಲರಿನಷ್ಟು ಹಣ ಹಿಂದಿರುಗಲಿಲ್ಲ.

2022ರಲ್ಲಿ ಮಾಡಿದ ಮೊದಲ ಪ್ರಯತ್ನ ಕೆಟ್ಟಿತು. ಗೋದಾಮಿನಲ್ಲಿ ಗಂಟೆ ಏರಿಳಿಯುವವರಿಗೆ ನಾವು ಅಕ್ಟೋಬರ್ ಮಧ್ಯದಿಂದ ಹನ್ನೆರಡು ತಿಂಗಳ ಅಳತೆ ಹಿಡಿಯುತ್ತೇವೆ. 1,560 ಗಂಟೆ ಮುಟ್ಟಿದವರು ಪೂರ್ಣಾವಧಿ ನೌಕರರಾಗುತ್ತಾರೆ. ನಾನು ಹಾಜರಿ ಯಂತ್ರದ ಗಂಟೆಗಳನ್ನು ಮಾತ್ರ ಕೂಡಿದೆ, ಸಂಬಳ ಸಹಿತ ರಜೆಯ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ ಎಂಬುದನ್ನು ಗೊತ್ತಿದ್ದೂ ಮರೆತೆ. ಹದಿನಾಲ್ಕು ಮಂದಿಯೋ ಏನೋ ಗೆರೆಯ ಕೆಳಗೇ ಉಳಿದುಬಿಟ್ಟರು. ಅದರ ಮೇಲೆ, ಕೆಲಸ ಬಿಟ್ಟು ಹದಿಮೂರು ವಾರದೊಳಗೆ ಮರಳಿ ಬಂದವರನ್ನು ಹೊಸಬರೆಂದು ಬಗೆದು 2ಡಿ (ಇನ್ನೂ ಕಾಯುವ ಅವಧಿಯಲ್ಲಿದ್ದಾರೆ ಎಂಬ ಕೋಡು) ಹಾಕಿದ್ದೆ. ಜೂನ್‌ನಲ್ಲಿ ಎಲ್ಲವನ್ನೂ ಅಳಿಸಿ ಮತ್ತೆ ಬರೆದೆ. ಈಗ ಪ್ರತಿ ತಿಂಗಳ 5ರ ಹೊತ್ತಿಗೆ ಹಾಜರಿ, ಸಂಬಳದ ಕಡಿತ, ವಿಮೆಗೆ ಸೇರಿದವರ ಪಟ್ಟಿ ಈ ಮೂರನ್ನೂ ಎದುರುಬದುರು ಇಟ್ಟು, ತಾಳೆಯಾಗದ ಸಾಲುಗಳನ್ನು ಮಾತ್ರ ಕೈಯಲ್ಲಿ ನೋಡುತ್ತೇನೆ. ಆ ಸಾಲುಗಳನ್ನು ಹೆಕ್ಕುವ ಸೂತ್ರವನ್ನು ಇಲ್ಲಿ ಬಿಚ್ಚಿಡುವುದಿಲ್ಲ, ಅದಕ್ಕೆ ಎರಡು ಬೇಸಿಗೆ ಕಳೆದಿದ್ದೇನೆ.

ಹೆಸರುಗಳ ಕಾಟ ಬೇರೆಯೇ. ನಮ್ಮ ಸಾಫ್ಟ್‌ವೇರ್ ತಂಡದಲ್ಲಿ ಬೆಂಗಳೂರು, ಮೈಸೂರಿನ ಕಡೆಯವರು ಹಲವರಿದ್ದಾರೆ. ಕೆಲವರ ಪಾಸ್‌ಪೋರ್ಟಿನಲ್ಲಿ ಉಪನಾಮವೇ ಇಲ್ಲದ ಕಾರಣ ವೀಸಾದಲ್ಲಿ ಹೆಸರಿನ ಜಾಗಕ್ಕೆ 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ) ಎಂದು ಬಂದಿರುತ್ತದೆ. ಇನ್ನು ಕೆಲವರ ಊರಿನ ಹೆಸರೋ ತಂದೆಯ ಹೆಸರೋ ಸಂಬಳದ ಪಟ್ಟಿಯಲ್ಲಿ ಒಂದು ಬಗೆ, ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಇನ್ನೊಂದು ಬಗೆ. ಉಪನಾಮದ ಮೊದಲ ನಾಲ್ಕು ಅಕ್ಷರ ಆ ಕಾರ್ಡಿನ ಸಂಖ್ಯೆಯೊಂದಿಗೆ ಹೊಂದದಿದ್ದರೆ ಐಆರ್‌ಎಸ್‌ನಿಂದ 'ಎಐಆರ್‌ಟಿಎನ್500' ದೋಷ ಬರುತ್ತದೆ. ಒಂದು ವರ್ಷ ಅಂಥವು ನಲವತ್ತರ ಹತ್ತಿರ ಬಂದಿದ್ದವು. ಕೆಲಸಕ್ಕೆ ಸೇರುವ ದಿನವೇ ಕಾರ್ಡ್ ತರಿಸಿ, ಅದರಲ್ಲಿದ್ದಂತೆ ಅಕ್ಷರ ಬಿಡದೆ ದಾಖಲಿಸಲು ಶುರು ಮಾಡಿದ ಮೇಲೆ ಮೂರೋ ನಾಲ್ಕೋ ಬರುತ್ತವೆ.

ನಿಜವಾಗಿ ಹಣ ಉಳಿಸಿದ್ದು ಮಾತ್ರ 1095-ಸಿಯ 15ನೇ ಸಾಲು, ಅಂದರೆ ವಿಮೆಗೆ ನೌಕರರು ತಿಂಗಳಿಗೆ ಕೊಡಬೇಕಾದ ಮೊತ್ತ. ಕೈಗೆಟುಕುವ ವಿಮೆಯ ಮಿತಿ, ಅಂದರೆ ಸಂಬಳದಲ್ಲಿ ಆ ಮೊತ್ತದ ಗರಿಷ್ಠ ಪಾಲು, 2023ರ 9.12 ಶೇಕಡದಿಂದ 2024ಕ್ಕೆ 8.39ಕ್ಕೆ ಇಳಿದಿತ್ತು. ನಮ್ಮಲ್ಲಿ ಅತಿ ಕಡಿಮೆ ಸಂಬಳ ಗಂಟೆಗೆ 16 ಡಾಲರ್. ತಿಂಗಳಿಗೆ 130 ಗಂಟೆಯ ಲೆಕ್ಕದಲ್ಲಿ ಹಳೆಯ ಮಿತಿ 189 ಡಾಲರ್ ಚಿಲ್ಲರೆ, ಹೊಸದು 174 ಡಾಲರ್ ಚಿಲ್ಲರೆ. ಹಿರಿಯರು ಹಿಂದಿನಂತೆಯೇ 185 ಡಾಲರ್ ಕಡಿತ ಮುಂದುವರಿಸಲಿದ್ದರು. ಸೆಪ್ಟೆಂಬರಿನಲ್ಲೇ ಪಟ್ಟಿ ನನ್ನ ಮೇಜಿನ ಮೇಲಿದ್ದುದರಿಂದ ನೋಂದಣಿ ಶುರುವಾಗುವ ಮೊದಲೇ ಅದನ್ನು 170ಕ್ಕೆ ಇಳಿಸಿ, 2ಎಚ್ (ಗಂಟೆಯ ಸಂಬಳಕ್ಕೆ ಹೋಲಿಸಿದರೆ ವಿಮೆ ಕೈಗೆಟುಕುತ್ತದೆ ಎಂಬ ಕೋಡು) ಹಾಕುವಂತಾಯಿತು. ಇಳಿಸದಿದ್ದರೆ, ಮಾರ್ಕೆಟ್‌ಪ್ಲೇಸ್‌ಗೆ ಹೋಗಿ ರಿಯಾಯಿತಿ ಪಡೆದ ಪ್ರತಿಯೊಬ್ಬ ನೌಕರರ ಲೆಕ್ಕದಲ್ಲೂ ಕಂಪನಿಗೆ ವರ್ಷಕ್ಕೆ 4,460 ಡಾಲರ್ ದಂಡ ಬೀಳುವ ಸಾಧ್ಯತೆಯಿತ್ತು. ಹಿರಿಯರು ಆಮೇಲೆ ಚಪ್ಪರದ ನಗೆ ನಗಲಿಲ್ಲ.

ಹೊರಗಿನ ಸಂಸ್ಥೆಗೆ ಫಾರಂ ಒಂದಕ್ಕೆ 14 ಡಾಲರಿನಂತೆ ಕೊಡುತ್ತಿದ್ದುದು ನಿಂತಿದೆ. ಸ್ವಂತ ಟಿಸಿಸಿ (ಐಆರ್‌ಎಸ್‌ಗೆ ನೇರವಾಗಿ ಕಡತ ಕಳಿಸಲು ಬೇಕಾದ ಸಂಕೇತ) ಪಡೆದು, ಸುಮಾರು 900 ಡಾಲರಿನ ತಂತ್ರಾಂಶದಿಂದ ನಾವೇ ಕಡತ ಕಳಿಸುತ್ತೇವೆ. ಟಿಸಿಸಿ ಅರ್ಜಿಯನ್ನು ಶರತ್ಕಾಲದಲ್ಲೇ ಹಾಕುವುದು ಒಳ್ಳೆಯದು, ಅದು ವಾರಗಟ್ಟಲೆ ಹಿಡಿಯುತ್ತದೆ. ಕಾಗದ ಉಳಿಸಲು ನೌಕರರಿಂದ ವಿದ್ಯುನ್ಮಾನ ಪ್ರತಿಗೆ ಒಪ್ಪಿಗೆ ಕೇಳುವ ಪ್ರಯೋಗವನ್ನೂ ಮಾಡಿದೆ, ಮೂರರಲ್ಲೊಬ್ಬರು ಕೂಡ ಒಪ್ಪಲಿಲ್ಲ. 2025ರಲ್ಲಿ ನಮ್ಮ ಕಡತ ಮಾರ್ಚ್ 31ರ ಗಡುವಿಗೆ ಆರು ವಾರ ಮೊದಲೇ ಸ್ವೀಕೃತವಾಯಿತು. ಕೇಳಿದವರಿಗಷ್ಟೇ ಪ್ರತಿ ಕೊಟ್ಟರೆ ಸಾಕೆಂದು ಒಕ್ಕೂಟ ಸರ್ಕಾರದ ಕಾನೂನು 2024ರ ಡಿಸೆಂಬರಿನಲ್ಲಿ ಸಡಿಲವಾಗಿದ್ದರೂ, ನ್ಯೂಜೆರ್ಸಿಯ ತೆರಿಗೆ ಇಲಾಖೆಗೆ ತನ್ನದೇ ನಿಯಮವಿರುವುದರಿಂದ ನಾವು ಎಲ್ಲರಿಗೂ ಮುದ್ರಿಸಿಯೇ ಕೊಡುತ್ತಿದ್ದೇವೆ.