ಸುತ್ತಲಿನದೆಲ್ಲ ಸುಳ್ಳೆನಿಸುವ ಗಳಿಗೆ: ನಾನು ಮಾಡುವುದು, ಮಾಡದೆ ಬಿಡುವುದು

ಮಾತಾಡುತ್ತಿರುವಾಗಲೇ ಎದುರಿಗಿದ್ದವರ ಮುಖ ಚಪ್ಪಟೆಯಾಗಿ ಕಾಣುತ್ತದೆ. ಕೋಣೆ ನಾಟಕಕ್ಕೆ ಹಾಕಿದ ಸೆಟ್ಟಿನ ಹಾಗಾಗುತ್ತದೆ, ನಮ್ಮದೇ ದನಿ ಬೇರೆ ಯಾರದೋ ಅನ್ನಿಸುತ್ತದೆ. ಆಗ ಎಲ್ಲರೂ ಮೊದಲು ಮಾಡುವುದು ಪರೀಕ್ಷೆ: ಗೋಡೆ ಮುಟ್ಟುವುದು, ಚಿವುಟಿಕೊಳ್ಳುವುದು, ಅಂಗೈ ದಿಟ್ಟಿಸುವುದು, ಕನ್ನಡಿಗೆ ಓಡುವುದು. ನಾನು ಮೊದಲು ಬಿಡಿಸಿಕೊಂಡಿದ್ದು ಈ ಪರೀಕ್ಷೆಯ ಚಟವನ್ನೇ. ಕಾಲು ಗಂಟೆಯಲ್ಲಿ ಹೋಗಬೇಕಾದದ್ದನ್ನು ಇಡೀ ದಿನಕ್ಕೆ ಎಳೆಯುವುದು ಅದೇ.

ವೈದ್ಯರು ಇದನ್ನು ಡಿರಿಯಲೈಸೇಶನ್ ಅನ್ನುತ್ತಾರೆ. ಹೊರಗಿನದರ ಬದಲು ನಮಗೆ ನಾವೇ ಅಪರಿಚಿತರೆನಿಸಿದರೆ ಡಿಪರ್ಸನಲೈಸೇಶನ್. ಹೆಚ್ಚಾಗಿ ಎರಡೂ ಒಟ್ಟಿಗೇ ಬರುತ್ತವೆ, ಮಾನಸಿಕ ಕಾಯಿಲೆಗಳನ್ನು ವರ್ಗೀಕರಿಸುವ ಅಮೆರಿಕದ ಕೈಪಿಡಿಯಾದ 2013ರ ಡಿಎಸ್‌ಎಂ-5ರಲ್ಲಿ ಎರಡಕ್ಕೂ ಸೇರಿ ಒಂದೇ ಹೆಸರು. ನಿದ್ದೆಗೆಟ್ಟಾಗಲೋ ಗಾಬರಿಯಾದಾಗಲೋ ಒಂದೆರಡು ಸಲ ಹೀಗಾಗುವುದು ತೀರಾ ಸಾಮಾನ್ಯ. ಪದೇಪದೇ ಬಂದು ದಿನದ ಕೆಲಸಕ್ಕೇ ಅಡ್ಡಿಯಾಗುವ ಕಾಯಿಲೆಯ ಮಟ್ಟ ಮುಟ್ಟುವುದು 100ರಲ್ಲಿ ಒಬ್ಬಿಬ್ಬರಿಗೆ. ಹುಚ್ಚು ಹಿಡಿಯಿತೇನೋ ಎಂಬ ಹೆದರಿಕೆಗೆ ಉತ್ತರ ಆ ಅನುಭವದಲ್ಲೇ ಇದೆ: ಇಲ್ಲಿ ಯಾರೂ ‘ಲೋಕ ಸುಳ್ಳು’ ಎಂದು ನಂಬಿಬಿಡುವುದಿಲ್ಲ, ‘ಹಾಗೆ ಅನ್ನಿಸುತ್ತಿದೆಯಲ್ಲ’ ಎಂದು ಗಾಬರಿಯಾಗುತ್ತಾರೆ. ಭ್ರಮೆಯನ್ನೇ ನಿಜವೆಂದು ನಂಬುವ ಸೈಕೋಸಿಸ್‌ನಲ್ಲಿ ಕಳೆದುಹೋಗುವ ವಿವೇಚನೆ ಇಲ್ಲಿ ಹಾಗೇ ಉಳಿದಿರುತ್ತದೆ.

ಪರೀಕ್ಷೆ ಯಾಕೆ ಕೆಲಸಕ್ಕೆ ಬರುವುದಿಲ್ಲ? ಕಣ್ಣು ಒಂದೇ ಬಿಂದುವಿನಲ್ಲಿ ನೆಟ್ಟರೆ ಅಂಚಿನ ವಸ್ತುಗಳು ಮಸುಕಾಗಿ ಅಳಿಸಿಹೋಗುತ್ತವೆ. 1804ರಲ್ಲಿ ಟ್ರಾಕ್ಸ್ಲರ್ ಎಂಬಾತ ಗುರುತಿಸಿದ ಈ ಪರಿಣಾಮ ಎಲ್ಲರ ಕಣ್ಣಲ್ಲೂ ಇರುವುದೇ. ಮಂದ ಬೆಳಕಿನಲ್ಲಿ ಕನ್ನಡಿ ದಿಟ್ಟಿಸಿದರೆ ಯಾವ ತೊಂದರೆಯೂ ಇಲ್ಲದವರಿಗೂ ತಮ್ಮ ಮುಖ ವಿಕಾರವಾಗಿ ಕಾಣುತ್ತದೆ. ಅಂದರೆ ‘ಸರಿಯಾಯಿತಾ’ ಎಂದು ದಿಟ್ಟಿಸಿ ನೋಡುವವರಿಗೆ ಸರಿಯಾಗಿಲ್ಲ ಎಂಬ ಉತ್ತರವೇ ಸಿಗುತ್ತದೆ, ಗಾಬರಿ ಏರುತ್ತದೆ, ಇನ್ನೊಮ್ಮೆ ನೋಡುತ್ತಾರೆ. ಆ ಹೊತ್ತಿನಲ್ಲಿ ಮೊಬೈಲ್ ತೆಗೆದು ಲಕ್ಷಣ ಹುಡುಕುವುದೂ ಇದೇ ಜಾತಿಯದು.

ಹಾಗಾಗಿ ಶುರುವಾದ ಕೂಡಲೇ ಮನಸ್ಸಿನಲ್ಲಿ ಒಂದೇ ವಾಕ್ಯ: ‘ಡಿರಿಯಲೈಸೇಶನ್ ಬಂದಿದೆ, ಇರಲಿ.’ ‘ಹೋಗು’ ಅನ್ನುವುದಿಲ್ಲ. ವಾಹನ ಓಡಿಸುತ್ತಿದ್ದರೆ ಮಾತ್ರ ಬದಿಗೆ ನಿಲ್ಲಿಸಿ ಆಮೇಲೆ ಮುಂದಿನದು.

ಮುಂದಿನದು ಉಸಿರು. ಇಲ್ಲೇ ಹೆಚ್ಚು ಜನ ಎಡವುವುದು. ಪಕ್ಕದಲ್ಲಿದ್ದವರು ‘ದೀರ್ಘ ಉಸಿರು ತಗೋ’ ಅನ್ನುತ್ತಾರೆ, ಇವರು ಬಾಯಿ ತೆರೆದು ಎದೆ ತುಂಬ ಎಳೆಯುತ್ತಾರೆ, ಇನ್ನಷ್ಟು ಕೆಡುತ್ತದೆ. ಗಾಬರಿಯಲ್ಲಿ ಆಗಲೇ ಹೆಚ್ಚು ಉಸಿರಾಡಿರುತ್ತೇವೆ. ಕೊರತೆ ಆಮ್ಲಜನಕದ್ದಲ್ಲ, ರಕ್ತದಲ್ಲಿ ಇಳಿದಿರುವುದು ಇಂಗಾಲದ ಡೈಆಕ್ಸೈಡ್. ಅದು ಇಳಿದರೆ ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು, ತಲೆ ಹಗುರ, ನೋಟ ವಿಚಿತ್ರ. ಬಾಯಿ ಮುಚ್ಚಿ, ಮೂಗಿನಿಂದ 4 ಎಣಿಸುವಷ್ಟು ಒಳಗೆ, 6 ಎಣಿಸುವಷ್ಟು ಹೊರಗೆ. ಸೆಕೆಂಡಿಗೊಂದು ಎಣಿಕೆಯಾದರೆ ನಿಮಿಷಕ್ಕೆ 6 ಉಸಿರು. 3ರಿಂದ 5 ನಿಮಿಷ ಸಾಕು. ಒಂದು ಕೈ ಹೊಟ್ಟೆಯ ಮೇಲಿರಲಿ. ಉಸಿರು ಸಣ್ಣದಿರಬೇಕು, ಪಕ್ಕದವರಿಗೆ ಕೇಳಿಸಬಾರದು. ಎರಡು ನಿಮಿಷದ ಮೇಲೂ ತಲೆ ಸುತ್ತುತ್ತಿದ್ದರೆ ನಿಧಾನ ಮಾಡುವುದಕ್ಕಿಂತ ಎಳೆದುಕೊಳ್ಳುವ ಗಾಳಿಯನ್ನೇ ಕಡಿಮೆ ಮಾಡಬೇಕು. ಕಾಗದದ ಚೀಲಕ್ಕೆ ಉಸಿರಾಡುವ ಹಳೆಯ ಉಪಾಯ ಬೇಡ. ಅಸಲಿಗೆ ಅದು ಆಸ್ತಮಾ ಅಥವಾ ಹೃದಯದ ತೊಂದರೆ ಆಗಿದ್ದರೆ ಅಪಾಯ.

ಐದು ವಸ್ತು ನೋಡಿ, ನಾಲ್ಕು ಮುಟ್ಟಿ, ಮೂರು ಸದ್ದು ಕೇಳಿ ಎಂದು ಗಮನವನ್ನು ಸುತ್ತಲಿನದಕ್ಕೆ ತರುವ ಗ್ರೌಂಡಿಂಗ್ ಎಲ್ಲರಿಗೂ ಗೊತ್ತು. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಎಣಿಸಿ ಮುಗಿಸಿ ‘ಈಗ ನಿಜ ಅನ್ನಿಸುತ್ತಾ’ ಎಂದು ಕೇಳಿಕೊಂಡರೆ ಅದೂ ಪರೀಕ್ಷೆಯೇ ಆಗುತ್ತದೆ. ನಾನು ಒಂದೇ ವಸ್ತು ಹಿಡಿಯುತ್ತೇನೆ, ಸಾಮಾನ್ಯವಾಗಿ ಕೀಲಿಕೈ ಗೊಂಚಲು. ಯಾವ ಕೀಲಿಯ ಹಲ್ಲು ಹೆಚ್ಚು ಸವೆದಿದೆ, ಉಂಗುರದ ಬಿರುಕಿಗೆ ಉಗುರು ಎಲ್ಲಿ ಸಿಕ್ಕಿಕೊಳ್ಳುತ್ತದೆ, ತಣ್ಣಗಿದ್ದ ಲೋಹ ಎಷ್ಟು ಹೊತ್ತಿಗೆ ಬೆಚ್ಚಗಾಗುತ್ತದೆ. ಕಣ್ಣು ಒಂದೆಡೆ ನಿಲ್ಲದೆ ಓಡಾಡುತ್ತಿರಬೇಕು, ಬೆರಳು ಕೆಲಸ ಮಾಡುತ್ತಿರಬೇಕು. ಎರಡು ನಿಮಿಷ ಆಯಿತೆಂದರೆ ಬಿಟ್ಟಿದ್ದ ಕೆಲಸಕ್ಕೆ ವಾಪಸ್ಸು: ಅರ್ಧ ಆಡಿದ್ದ ಮಾತು, ಅರ್ಧ ತೊಳೆದಿದ್ದ ಪಾತ್ರೆ. ಅನಿಸಿಕೆ ಹೋದ ಮೇಲೆ ಮುಂದುವರಿಸುತ್ತೇನೆ ಎಂದು ಕಾಯಬಾರದು. ಅದು ಹಾಗೇ ಇರುವಾಗಲೇ ಮುಂದುವರಿಸುವುದು ಇಡೀ ಅಭ್ಯಾಸದ ತಿರುಳು. ಆಮೇಲೆ ಯಾವಾಗಲೋ ಅದು ಹೋಗಿರುವುದು ಗೊತ್ತಾಗುತ್ತದೆ, ಹೋದ ಕ್ಷಣ ಮಾತ್ರ ಗಮನಕ್ಕೆ ಬಂದಿರುವುದಿಲ್ಲ.

ಎದೆ ವಿಪರೀತ ಬಡಿದುಕೊಳ್ಳುತ್ತಿದ್ದರೆ ಮುಖಕ್ಕೆ ತಣ್ಣೀರಲ್ಲಿ ಅದ್ದಿದ ಬಟ್ಟೆ ಒತ್ತಿಕೊಳ್ಳಬಹುದು, ಬಡಿತ ಇಳಿಯುತ್ತದೆ. ಹೃದ್ರೋಗ ಇರುವವರು ಇದನ್ನು ಮಾಡಬಾರದು.

ಬರದಂತೆ ತಡೆಯುವ ವಿಚಾರದಲ್ಲಿ ನಿದ್ದೆಗಿಂತ ದೊಡ್ಡದು ಯಾವುದೂ ಇಲ್ಲ. ಆಮೇಲಿನದು ಗಾಂಜಾ; ಅದರ ನಂತರ ಶುರುವಾದವರು ಪೂರ್ತಿ ಬಿಡಲೇಬೇಕು, ‘ಸ್ವಲ್ಪ’ ಎಂಬುದಿಲ್ಲ. ಕಾಫಿಯ ಕೆಫೀನ್‌ನಲ್ಲಿ ಅರ್ಧದಷ್ಟು ದೇಹದಿಂದ ಹೋಗಲು ಸುಮಾರು 5 ಗಂಟೆ ಬೇಕು, ಸಂಜೆ 4ಕ್ಕೆ ಕುಡಿದದ್ದು ರಾತ್ರಿ 9ಕ್ಕೂ ಅರ್ಧ ಉಳಿದಿರುತ್ತದೆ. ಖಾಲಿ ಹೊಟ್ಟೆ, ಮೈಗ್ರೇನ್, ಟ್ಯೂಬ್‌ಲೈಟ್ ತುಂಬಿದ ದೊಡ್ಡ ಹಾಲ್‌ಗಳು ಕೆಲವರಿಗೆ ಕಾರಣ. ಯಾರಿಗೆ ಯಾವುದು ಎಂದು ತಿಳಿಯಲು ಒಂದು ಪುಸ್ತಕ ಸಾಕು: ಎಷ್ಟು ಹೊತ್ತಿಗೆ ಬಂತು, ಎಷ್ಟು ನಿಮಿಷ ಇತ್ತು, ಹಿಂದಿನ ರಾತ್ರಿಯ ನಿದ್ದೆ ಎಷ್ಟು, ಕೊನೆಯ ಊಟ ಯಾವಾಗ, ಆಗ ಏನು ಮಾಡುತ್ತಿದ್ದೆ. ಎರಡು ಸಾಲು, ಅದೂ ರಾತ್ರಿ ಒಂದೇ ಸಲ. ಗಂಟೆಗೊಮ್ಮೆ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುತ್ತ ಹೋದರೆ ಮತ್ತೆ ಪರೀಕ್ಷೆಗೇ ಕೂತ ಹಾಗೆ.

ಇದೆಲ್ಲ ಮನೆಯಲ್ಲಿ ಮಾಡಿಕೊಳ್ಳುವಷ್ಟೇ. ಪ್ರತಿ ಸಲವೂ ಒಂದೇ ತೆರನಾಗಿ ಬಂದು ನಿಮಿಷದಲ್ಲಿ ಮುಗಿಯುತ್ತದೆ, ಜೊತೆಗೆ ಇಲ್ಲದ ವಾಸನೆ ಬರುತ್ತದೆ, ಬಾಯಿ ಚಪ್ಪರಿಸುವಂತಾಗುತ್ತದೆ, ನಡುವಿನದು ನೆನಪಿರುವುದಿಲ್ಲ ಎಂದಾದರೆ ನರರೋಗ ತಜ್ಞರಿಗೆ ತೋರಿಸಬೇಕು. ಅದು ಮೆದುಳಿನ ಬದಿಯ ಭಾಗವಾದ ಟೆಂಪೊರಲ್ ಲೋಬ್‌ನ ಅಪಸ್ಮಾರ ಇರಬಹುದು, ಮೆದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ಇಇಜಿ ಮಾಡಿಸುತ್ತಾರೆ. ತಲೆಗೆ ಪೆಟ್ಟು ಬಿದ್ದ ಮೇಲೆ ಶುರುವಾದರೆ, 40 ದಾಟಿದ ಮೇಲೆ ಮೊದಲ ಸಲ ಬಂದರೆ, ನಿದ್ದೆ ಮಾತ್ರೆ ಹಠಾತ್ತನೆ ನಿಲ್ಲಿಸಿದ ಮೇಲೆ ಬಂದರೂ ವೈದ್ಯರೇ ನೋಡಲಿ. ದಿನಗಟ್ಟಲೆ ಬಿಡದಿದ್ದರೆ, ಯಾರೋ ಬೇಕೆಂದೇ ಹೀಗೆ ಮಾಡಿಸುತ್ತಿದ್ದಾರೆ ಎಂಬ ನಂಬಿಕೆ ಬಲಿಯುತ್ತಿದ್ದರೆ ಮನೋವೈದ್ಯರು. ಸಾಯುವ ಯೋಚನೆ ಬಂದರೆ ಅಂದೇ. ಇದಕ್ಕೆಂದೇ ಮಾಡಿದ ಮಾತ್ರೆ ಇಲ್ಲ; ಜೊತೆಗಿರುವ ಆತಂಕ, ಖಿನ್ನತೆಗೆ ಔಷಧಿ ಕೊಡುತ್ತಾರೆ, ಯೋಚನೆ, ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆಯಾದ ಸಿಬಿಟಿ ಮಾಡಿಸುತ್ತಾರೆ. ಹೋಗುವಾಗ ಆ ಪುಸ್ತಕವನ್ನೂ, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಚೀಟಿಯನ್ನೂ ಒಯ್ಯಿರಿ. ಗಾಂಜಾ, ಮದ್ಯದ ವಿಷಯ ಅವರು ಕೇಳುವ ಮೊದಲೇ ಹೇಳಿಬಿಡಿ.