ರೋಮನ್ ಸಾಮ್ರಾಜ್ಞಿಯರ ನಾಣ್ಯ ಸಂಗ್ರಹ: ಮೊದಲು ತುರುಬು ನೋಡಿ, ಆಮೇಲೆ ಬೆಲೆ ಕೇಳಿ

ನಾಣ್ಯ ಪ್ರದರ್ಶನಗಳಿಗೆ ಹೋದಾಗಲೆಲ್ಲ ನಾನು ಒಂದೇ ಬಗೆಯ ತಪ್ಪನ್ನು ಕಾಣುತ್ತೇನೆ. ಪ್ರೀತಿಯಿಂದ ಕೂಡಿಸಿದ ಪೆಟ್ಟಿಗೆಯಲ್ಲಿ ‘ಫೌಸ್ಟಿನಾ’ ಎಂಬ ಚೀಟಿಯಡಿ ಆರೇಳು ಬೆಳ್ಳಿ ನಾಣ್ಯಗಳಿರುತ್ತವೆ, ಅವುಗಳಲ್ಲಿ ಕೆಲವು ಆ ಹೆಸರಿನ ತಾಯಿಯವು, ಕೆಲವು ಅದೇ ಹೆಸರಿನ ಮಗಳವು. ಮಾರಿದವನಿಗೂ ಅದು ತಿಳಿದಿಲ್ಲ, ಕೊಂಡವರೂ ಕೇಳಿಲ್ಲ. ಸಾಮ್ರಾಜ್ಞಿಯರ ನಾಣ್ಯಗಳನ್ನು ಸಂಗ್ರಹಿಸುವುದರಲ್ಲಿ ನಿಜವಾಗಿ ಕಷ್ಟವಾದದ್ದು ಈ ಗುರುತಿಸುವಿಕೆಯೇ ಆದ್ದರಿಂದ ಈ ಲೇಖನದ ಹೆಚ್ಚಿನ ಭಾಗವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಮೊದಲ ಹಂತ, ಎಲ್ಲಿಂದ ಆರಂಭಿಸಬೇಕೆಂಬ ನಿರ್ಧಾರ. ಆಗಸ್ಟಸ್‌ನ ಪತ್ನಿ ಲಿವಿಯಾಳಿಂದ ತೊಡಗುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಅದು ಬೇಡ. ಆಗಸ್ಟಸ್‌ನ ನಂತರ ಆಳಿದ ಟೈಬೀರಿಯಸ್‌ನ ಡಿನೇರಿಯಸ್ ಎಂಬ ಬೆಳ್ಳಿ ನಾಣ್ಯದ ಹಿಮ್ಮುಖದಲ್ಲಿ ಕುಳಿತಿರುವ ಸ್ತ್ರೀಯನ್ನು ಲಿವಿಯಾ ಎಂದು ಹಲವರು ಗುರುತಿಸಿದರೂ ನಾಣ್ಯದ ಮೇಲೆ ಅವಳ ಹೆಸರಿಲ್ಲ, ಮುಖಚಿತ್ರವೆನ್ನುವಷ್ಟು ದೊಡ್ಡ ರೂಪವೂ ಅದಲ್ಲ. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ಟೈಬೀರಿಯಸ್‌ನ ಡಿನೇರಿಯಸ್ ದೊರೆತಿರುವುದರಿಂದ ನಮ್ಮವರಿಗೆ ಆ ಕಾಲದ ನಾಣ್ಯಗಳ ಮೇಲೆ ವಿಶೇಷ ಮಮತೆ ಇರುವುದು ಸಹಜ. ಆದರೂ ಹೊಸಬರು ಕ್ರಿ.ಶ. 138ರಿಂದ 192ರವರೆಗಿನ ಆಂಟೊನೈನ್ ಕುಟುಂಬದ ಬೆಳ್ಳಿಯ ಡಿನೇರಿಯಸ್‌ಗಳಿಂದಲೇ ಆರಂಭಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಆಂಟೊನೈನಸ್ ಪಯಸ್‌ನ ಪತ್ನಿ ಹಿರಿಯ ಫೌಸ್ಟಿನಾ, ಅವಳ ಮಗಳೂ ಮಾರ್ಕಸ್ ಆರೀಲಿಯಸ್‌ನ ಪತ್ನಿಯೂ ಆದ ಕಿರಿಯ ಫೌಸ್ಟಿನಾ, ಆಕೆಯ ಮಗಳು ಲೂಸಿಲ್ಲಾ, ಸೊಸೆ ಕ್ರಿಸ್ಪಿನಾ, ಹೀಗೆ ಒಂದೇ ಮನೆಯ ಮೂರು ತಲೆಮಾರು ಅಂಗೈಯಲ್ಲಿ ಬಂದು ನಿಲ್ಲುತ್ತದೆ. ಇವರ ನಾಣ್ಯಗಳು ಅಪಾರ ಸಂಖ್ಯೆಯಲ್ಲಿ ಉಳಿದಿವೆ, ಕೆತ್ತನೆಯೂ ಉತ್ತಮವಾಗಿದೆ.

ಎರಡನೆಯ ಹಂತ ಕೊಳ್ಳುವುದು: ನಾಣ್ಯ ನಕಲಿ ಎಂದು ಸಾಬೀತಾದರೆ ಹಣ ಹಿಂದಿರುಗಿಸುವೆನೆಂದು ಬರೆದುಕೊಡುವ ವ್ಯಾಪಾರಿಯಿಂದ ಮಾತ್ರ ಕೊಳ್ಳಿ. ಟರ್ಕಿಯ ಅಥವಾ ಇಟಲಿಯ ಪ್ರಾಚೀನ ಅವಶೇಷಗಳ ಬಳಿ ಜೇಬಿನಿಂದ ನಾಣ್ಯ ತೆಗೆದು ತೋರಿಸುವವರಿಂದ ಏನನ್ನೂ ಕೊಳ್ಳಬೇಡಿ. ಅದು ನಕಲಿಯಾಗಿದ್ದರೆ ಹಣ ಹೋಗುತ್ತದೆ, ಅಸಲಿಯಾಗಿದ್ದರೆ ದೇಶದಿಂದ ಹೊರಗೆ ಒಯ್ಯುವುದು ಅಪರಾಧವಾಗುತ್ತದೆ.

ಇನ್ನು ಮೂರನೆಯ ಹಂತವಾದ ಗುರುತಿಸುವಿಕೆ. ನಾಣ್ಯವನ್ನು ಅಂಚಿನಲ್ಲಿ ಹಿಡಿದು, ಒಂದೇ ಪಕ್ಕದಿಂದ ಬೆಳಕು ಬೀಳುವಂತೆ ಕುಳಿತು, ಮುಮ್ಮುಖದ ಲ್ಯಾಟಿನ್ ಬರಹವನ್ನು ಕೆಳಗಿನ ಎಡಮೂಲೆಯಿಂದ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಒಂದೊಂದೇ ಅಕ್ಷರವಾಗಿ ಕಾಗದದ ಮೇಲೆ ಬರೆದುಕೊಳ್ಳಿ. ಪದಗಳ ನಡುವೆ ಅಂತರವಿರುವುದಿಲ್ಲ. ‘ಯು’ ಇರಬೇಕಾದಲ್ಲಿ ‘ವಿ’ ಇರುತ್ತದೆ, ಜೂಲಿಯಾ ಎಂಬ ಹೆಸರು ‘ಐ’ ಅಕ್ಷರದಿಂದ ಆರಂಭವಾಗುತ್ತದೆ. ಅಳಿಸಿಹೋದ ಅಕ್ಷರಕ್ಕೆ ಚುಕ್ಕಿ ಇಡಿ, ಊಹೆಯಿಂದ ತುಂಬಬೇಡಿ. ಬಹುಪಾಲು ತಪ್ಪುಗಳು ಹುಟ್ಟುವುದು ಹೀಗೆ ಊಹಿಸಿ ತುಂಬಿದ ಅಕ್ಷರಗಳಿಂದಲೇ.

ಬರಹದಲ್ಲಿ ‘ದಿವಾ’ ಎಂಬ ಪದವಿದ್ದರೆ ಆಕೆ ಮರಣಾನಂತರ ದೈವತ್ವಕ್ಕೇರಿಸಲ್ಪಟ್ಟವಳು ಎಂದರ್ಥ. ಹಿರಿಯ ಫೌಸ್ಟಿನಾ ಪತಿ ಪಟ್ಟಕ್ಕೆ ಬಂದ ಎರಡು ಮೂರು ವರ್ಷಗಳಲ್ಲೇ ತೀರಿಕೊಂಡಳು, ಮುಂದೆ 161ರಲ್ಲಿ ತಾನು ಸಾಯುವವರೆಗೂ ಆಂಟೊನೈನಸ್ ಅವಳ ಹೆಸರಿನಲ್ಲಿ ನಾಣ್ಯಗಳನ್ನು ಟಂಕಿಸುತ್ತಲೇ ಇದ್ದ. ರೋಮಿನ ಫೋರಂನಲ್ಲಿ ಅವಳಿಗಾಗಿ ಕಟ್ಟಿಸಿದ ದೇವಾಲಯದ ಕಂಬಗಳು ಇಂದಿಗೂ ನಿಂತಿವೆ, ಆ ದೇವಾಲಯದ ಚಿತ್ರವೂ ಕೆಲವು ನಾಣ್ಯಗಳ ಮೇಲಿದೆ. ಹೀಗಾಗಿ ಅವಳ ನಾಣ್ಯಗಳಲ್ಲಿ ಹೆಚ್ಚಿನವು ‘ದಿವಾ ಫೌಸ್ಟಿನಾ’ ಎಂದೇ ಇವೆ. ಆದರೆ ‘ದಿವಾ’ ಎಂದ ಮಾತ್ರಕ್ಕೆ ತಾಯಿಯದೆಂದು ತೀರ್ಮಾನಿಸುವ ಅಡ್ಡದಾರಿ ಹಿಡಿಯಬೇಡಿ. ಮಗಳ ಮರಣಾನಂತರದ ನಾಣ್ಯಗಳ ಮೇಲೂ ಆ ಪದವಿದೆ, ಅಲ್ಲಿ ಸಾಮಾನ್ಯವಾಗಿ ಹೆಸರಿನ ನಂತರ ‘ಪಿಯಾ’ ಎಂದು ಸೇರಿರುತ್ತದೆ. ಬರೀ ‘ಫೌಸ್ಟಿನಾ ಆಗಸ್ಟಾ’ ಎಂಬ ಬರಹ ಇಬ್ಬರಿಗೂ ಉಂಟು (ಆಗಸ್ಟಾ ಎಂಬುದು ಸಾಮ್ರಾಜ್ಞಿಯ ಬಿರುದು). ‘ಆಂಟೊನೈನಸ್ ಪಯಸ್‌ನ ಮಗಳು’ ಎಂಬ ಅರ್ಥದ ಸಂಕ್ಷಿಪ್ತ ಅಕ್ಷರಗಳಿದ್ದರೆ ಬರಹವೊಂದರಿಂದಲೇ ಅದು ಮಗಳದೆಂದು ಹೇಳಬಹುದು.

ಬರಹ ಕೈಕೊಟ್ಟಲ್ಲಿ ತುರುಬು ಕೈಹಿಡಿಯುತ್ತದೆ. ಹಿರಿಯ ಫೌಸ್ಟಿನಾ ಕೂದಲನ್ನು ಹೆಣೆದು ಮೇಲಕ್ಕೆಳೆದು ನೆತ್ತಿಯ ಮೇಲೆ ಸುರುಳಿಯಾಗಿ ಸುತ್ತಿದ್ದಾಳೆ. ಮಗಳ ಕೂದಲು ಅಲೆಅಲೆಯಾಗಿ ಹಿಂದಕ್ಕೆ ಹರಿದು ತಲೆಯ ಹಿಂಭಾಗದಲ್ಲಿ ತುರುಬಾಗಿದೆ. ಆಕೆಯ ಎಳೆಹರೆಯದ ಕೆಲವು ಚಿತ್ರಗಳಲ್ಲಿ ಮುತ್ತಿನ ಪಟ್ಟಿಯಿದ್ದು ತುರುಬು ತುಸು ಮೇಲಕ್ಕಿದ್ದರೂ ಅದು ನೆತ್ತಿಗೆ ಏರುವುದಿಲ್ಲ. ಸವೆದು ಮೂಗುಬಾಯಿ ಅಳಿಸಿಹೋದ ನಾಣ್ಯದಲ್ಲಿಯೂ ತಲೆಯ ಹೊರರೇಖೆ ಉಳಿದಿರುತ್ತದೆ, ಅದನ್ನೇ ನೋಡಿ. ತಾಯಿಯ ತಲೆಗೆ ಕೆಲವೊಮ್ಮೆ ಮುಸುಕು ಇರುತ್ತದೆ. ಆಗಲೂ ಮುಸುಕಿನಡಿ ನೆತ್ತಿಯ ಉಬ್ಬು ಕಾಣುತ್ತದೆ. ಲೂಸಿಲ್ಲಾ ಮತ್ತು ಕ್ರಿಸ್ಪಿನಾ ಇಬ್ಬರ ತುರುಬೂ ಹಿಂದಕ್ಕೇ ಇರುವುದರಿಂದ ಅವರ ವಿಷಯದಲ್ಲಿ ಹೆಸರನ್ನು ಓದದೆ ಬೇರೆ ದಾರಿಯಿಲ್ಲ.

ಹಿಮ್ಮುಖವೂ ಸಾಕ್ಷಿ ಹೇಳುತ್ತದೆ. ‘ಏಟರ್ನಿಟಾಸ್’ (ಶಾಶ್ವತತೆ) ಎಂಬ ಬರಹ ತಾಯಿಯ ನಾಣ್ಯಗಳಲ್ಲಿ ಹೇರಳವಾಗಿದೆ. ಸಿಂಹಾಸನದ ಮೇಲೆ ಎರಡು ಹಸುಗೂಸುಗಳಿದ್ದರೆ ಅದು ಮಗಳದು: 161ರಲ್ಲಿ ಅವಳಿಯಾಗಿ ಹುಟ್ಟಿದ ಕೊಮೊಡಸ್ ಮತ್ತು ಅವನ ಸೋದರನ ಜನನದ ಸಂಭ್ರಮವನ್ನು ಆ ನಾಣ್ಯ ಸಾರುತ್ತದೆ. ನನಗೆ ಒಂದೇ ಒಂದು ನಾಣ್ಯ ಕೊಳ್ಳಲು ಅವಕಾಶವಿದ್ದರೆ ಇದನ್ನೇ ಆರಿಸುತ್ತೇನೆ.

ಮುಂದೆ ಸಿರಿಯಾದ ಎಮಿಸಾದಿಂದ ಬಂದ ಜೂಲಿಯಾ ಡೊಮ್ನಾಳಿಗೆ ಹೋದಾಗ ಬರಹದಿಂದ ಕಾಲವನ್ನೇ ತಿಳಿಯಬಹುದು. ರೋಮಿನ ಟಂಕಸಾಲೆಯ ನಾಣ್ಯಗಳಲ್ಲಿ ಮೊದಲು ‘ಜೂಲಿಯಾ ಡೊಮ್ನಾ ಆಗಸ್ಟಾ’, ಸುಮಾರು 196ರಿಂದ ‘ಜೂಲಿಯಾ ಆಗಸ್ಟಾ’, 211ರಲ್ಲಿ ಪತಿ ಸೆಪ್ಟಿಮಿಯಸ್ ಸೆವೆರಸ್ ತೀರಿಕೊಂಡ ಮೇಲೆ ‘ಜೂಲಿಯಾ ಪಿಯಾ ಫೆಲಿಕ್ಸ್ ಆಗಸ್ಟಾ’. ಮುಖದ ಕೆಳಗೆ ಅರ್ಧಚಂದ್ರವಿದ್ದರೆ ಅದು ಡಿನೇರಿಯಸ್ ಅಲ್ಲ, 215ರಲ್ಲಿ ಅವಳ ಮಗ, ಚಕ್ರವರ್ತಿ ಕಾರಕಲ್ಲಾ ಜಾರಿಗೆ ತಂದ ಆಂಟೊನಿನಿಯಾನಸ್ ಎಂಬ ಬೇರೆ ನಾಣ್ಯ. ಚಕ್ರವರ್ತಿಯ ತಲೆಗೆ ಕಿರಣದ ಕಿರೀಟ ಹೇಗೋ ಸಾಮ್ರಾಜ್ಞಿಗೆ ಈ ಚಂದ್ರ ಹಾಗೆ. ಓದಿದ ಬರಹವನ್ನು ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ಅಂತರಜಾಲದಲ್ಲಿ ಉಚಿತವಾಗಿ ಒದಗಿಸಿರುವ ರೋಮನ್ ನಾಣ್ಯಗಳ ಪಟ್ಟಿಯೊಂದಿಗೆ ಹೋಲಿಸಿ ನೋಡಿ. ಫೋಟೊ ತೆಗೆದ ಕೂಡಲೇ ಹೆಸರು ಹೇಳುವ ಮೊಬೈಲ್ ಆ್ಯಪ್‌ಗಳನ್ನು ನಂಬಬೇಡಿ, ನಾನು ಕಂಡಂತೆ ಅವು ತಾಯಿ ಮಗಳನ್ನು ಬೇರ್ಪಡಿಸುವಲ್ಲಿಯೇ ಎಡವುತ್ತವೆ.

ನಾಲ್ಕನೆಯದು ಅಸಲಿತನದ ಪರೀಕ್ಷೆ. ಆಂಟೊನೈನ್ ಕಾಲದ ಡಿನೇರಿಯಸ್ ಸುಮಾರು 3ರಿಂದ 3.5 ಗ್ರಾಂ ತೂಗುತ್ತದೆ, ಅಗಲ 17ರಿಂದ 19 ಮಿಲಿಮೀಟರ್. ಅಚ್ಚಿನ ನಡುವೆ ಸುತ್ತಿಗೆಯ ಏಟಿನಿಂದ ಟಂಕಿಸಿದ ನಾಣ್ಯದ ಅಂಚಿನಲ್ಲಿ ಸಣ್ಣ ಬಿರುಕುಗಳಿರುತ್ತವೆ. ಎರಕ ಹೊಯ್ದ ನಕಲಿಯ ಅಂಚಿನಲ್ಲಿ ಸುತ್ತಲೂ ಓಡುವ ಕೂಡುಗೆರೆ ಅಥವಾ ಅದನ್ನು ಅರದಿಂದ ಉಜ್ಜಿದ ಗುರುತು, ಮೈಮೇಲೆ ಗಾಳಿಗುಳ್ಳೆಯ ಕುಳಿಗಳು ಕಾಣುತ್ತವೆ. ಅಂಚನ್ನು ತೋರಿಸದ ಫೋಟೊ ನೋಡಿ ಎಂದಿಗೂ ಕೊಳ್ಳಬೇಡಿ. ಬಿರುಕು, ಸವೆತ, ಆಕಾರ ಎಲ್ಲವೂ ಒಂದೇ ಆಗಿರುವ ಎರಡು ನಾಣ್ಯ ಕಂಡರೆ ಎರಡರಲ್ಲಿ ಒಂದಾದರೂ ನಕಲಿ. ಅಯಸ್ಕಾಂತದ ಪರೀಕ್ಷೆ ವ್ಯರ್ಥ, ಏಕೆಂದರೆ ಬೆಳ್ಳಿಯಂತೆಯೇ ತಾಮ್ರ, ತವರ, ಸೀಸಗಳ ನಕಲಿಯೂ ಅದಕ್ಕೆ ಅಂಟುವುದಿಲ್ಲ. ಹಿತ್ತಾಳೆಯ ದೊಡ್ಡ ಸೆಸ್ಟರ್ಷಿಯಸ್‌ಗಳನ್ನು ಹೊಸಬರು ಕೆಲಕಾಲ ದೂರವಿಡುವುದು ಒಳ್ಳೆಯದು. ಸವೆದ ಕೂದಲನ್ನು ಹೊಸದಾಗಿ ಕೊರೆದು ಚೂಪುಗೊಳಿಸಿದ ಅಂಥ ನಾಣ್ಯಗಳು ಮಾರುಕಟ್ಟೆಯಲ್ಲಿ ಬಹಳಷ್ಟಿವೆ.

ಐದನೆಯ ಹಂತದಲ್ಲಿ ಮಾಡಬೇಕಾದದ್ದು ಏನೂ ಇಲ್ಲ: ತೊಳೆಯಬೇಡಿ. ಹುಣಸೆಹಣ್ಣು, ನಿಂಬೆರಸ, ಪೀತಾಂಬರಿ ಪುಡಿ ಇವೆಲ್ಲ ಅಡುಗೆಮನೆಯ ಪಾತ್ರೆಗಳಿಗೆ ಸರಿ. ಶತಮಾನಗಳಲ್ಲಿ ಬೆಳ್ಳಿಗೆ ಬಂದ ಕಪ್ಪು ಛಾಯೆಯನ್ನು ಉಜ್ಜಿ ತೆಗೆದರೆ ಅದು ಮತ್ತೆ ಬರುವುದಿಲ್ಲ. ತಾಮ್ರದ ನಾಣ್ಯದ ಮೇಲೆ ಉಗುರಿಗೆ ಉದುರುವ ತಿಳಿಹಸಿರು ಪುಡಿ ಕಂಡರೆ ಮಾತ್ರ ಎಚ್ಚರ ಬೇಕು. ಅದು ಗಟ್ಟಿಯಾದ ಹಳೆಯ ಕಿಲುಬಲ್ಲ, ನಾಣ್ಯವನ್ನು ತಿನ್ನುತ್ತಿರುವ ರೋಗ. ಅದನ್ನು ಉಳಿದವುಗಳಿಂದ ಬೇರೆಯಾಗಿ ಒಣ ಜಾಗದಲ್ಲಿಟ್ಟು ತಿಳಿದವರಿಗೆ ತೋರಿಸಿ.

ಇಡುವ ವಿಧಾನ ಸುಲಭ, ಆದರೆ ಅಂಗಡಿಗಳಲ್ಲಿ ಸಿಗುವ ಮೆತ್ತನೆಯ ಪಿವಿಸಿ ಹಾಳೆಗಳ ಆಲ್ಬಂ ಬೇಡವೇ ಬೇಡ. ಅದರಿಂದ ಒಸರುವ ದ್ರವ ಕೆಲವು ವರ್ಷಗಳಲ್ಲಿ ನಾಣ್ಯಕ್ಕೆ ಹಸಿರು ಅಂಟನ್ನು ಹಚ್ಚುತ್ತದೆ. ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯ ಕವರುಗಳನ್ನು ಬಳಸಿ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡಿ, ಮಳೆಗಾಲದಲ್ಲಿ ಅದನ್ನು ಬದಲಿಸುತ್ತಿರಿ.

ಭಾರತದಲ್ಲಿರುವವರು ನೆನಪಿಡಬೇಕಾದ ಎರಡು ಕಾನೂನುಗಳಿವೆ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ನಾಣ್ಯ ಪುರಾವಸ್ತು, ಅದನ್ನು ಖಾಸಗಿಯಾಗಿ ದೇಶದ ಹೊರಗೆ ಕಳುಹಿಸುವಂತಿಲ್ಲ. ಹೊಲ ಉಳುವಾಗಲೋ ಪಾಯ ತೋಡುವಾಗಲೋ ನಾಣ್ಯಗಳ ನಿಧಿ ಸಿಕ್ಕರೆ ಅದನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು. ಸಿಕ್ಕ ಸ್ಥಳದಿಂದ ಬೇರ್ಪಟ್ಟ ನಾಣ್ಯ ಅರ್ಧ ಮೂಕವಾಗುತ್ತದೆ ಎಂಬ ಕಾರಣಕ್ಕೂ ಇದು ಮುಖ್ಯ.

ಕೊನೆಯದು ಚೀಟಿ. ಸಾಮ್ರಾಜ್ಞಿಯ ಹೆಸರು, ನೀವು ಓದಿದ ಬರಹ ಚುಕ್ಕಿಗಳ ಸಮೇತ, ಎರಡು ದಶಾಂಶದವರೆಗಿನ ತೂಕ, ಅಗಲ, ಕೊಂಡ ದಿನ ಮತ್ತು ಯಾರಿಂದ ಎಂಬುದನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ನಾಣ್ಯದೊಂದಿಗೆ ಹಿಂದಿನ ಸಂಗ್ರಾಹಕರ ಹಳೆಯ ಚೀಟಿ ಬಂದಿದ್ದರೆ, ಅದರಲ್ಲಿ ತಾಯಿಯನ್ನು ಮಗಳೆಂದು ಬರೆದಿದ್ದರೂ ಸರಿ, ಅದನ್ನು ಎಸೆಯದೆ ನಿಮ್ಮ ಚೀಟಿಯ ಹಿಂದೆ ಸೇರಿಸಿಡಿ.